ತೋಟದ ಸಾಮಾನಿಡಲು ತಗಡಿನ ಶೆಡ್: ರೆಡಿಮೇಡ್ ತರುವುದಾ, ಮಾಡಿಸುವುದಾ?

ಹೊಸನಗರದ ತೋಟಿಗ:
ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲೂಕು, ಅಡಿಕೆ ತೋಟ, ನಡುವೆ ಕಾಳುಮೆಣಸು, ಬಾಳೆ. ಮನೆಯಿಂದ ತೋಟ ದೂರ, ದಾರಿ ಪೂರ್ತಿ ಇಳಿಜಾರು. ಕಳೆ ಕೊಚ್ಚುವ ಮೆಷಿನ್, ಔಷಧಿ ಹೊಡೆಯುವ ಪಂಪು, ಪೈಪು, ಗೊಬ್ಬರದ ಚೀಲ ಎಲ್ಲವನ್ನೂ ಪ್ರತಿ ಸಲ ಹೊತ್ತು ಇಳಿಸಿ ಮತ್ತೆ ಹತ್ತಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ. ಈಗ ಅಲ್ಲಿರುವ ಸೋಗೆ ಗುಡಿಸಲಿಗೆ ಗೆದ್ದಲು ಹಿಡಿದಿದೆ, ಮರದ್ದು ಮತ್ತೆ ಬೇಡ ಅಂತ ತೀರ್ಮಾನವಾಗಿದೆ.

10 ಅಡಿಗೆ 12 ಅಡಿಯ ಶೆಡ್ ಸಾಕು. ಆನ್‌ಲೈನ್‌ನಲ್ಲಿ ನಟ್ಟು ಬೋಲ್ಟು ಹಾಕಿ ಜೋಡಿಸುವ ರೆಡಿಮೇಡ್ ಶೆಡ್ ಸಿಗುತ್ತದೆ, ನೋಡಲು ಚೆನ್ನಾಗಿವೆ. ಇಲ್ಲವಾದರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬೇಕು. ವಿಚಾರಿಸಿದರೆ ಒಬ್ಬರು ಜಿಐ ಶೀಟು (ಸತುವಿನ ಲೇಪ ಇರುವ ಕಬ್ಬಿಣದ ತಗಡು) ಸಾಕು ಅನ್ನುತ್ತಾರೆ, ಇನ್ನೊಬ್ಬರು ಕಲರ್ ಶೀಟೇ ಹಾಕಿ ಅನ್ನುತ್ತಾರೆ, ದಪ್ಪ ಕೇಳಿದರೆ 0.35, 0.40, 0.50 ಮಿಲಿಮೀಟರ್ ಅಂತ ಒಬ್ಬೊಬ್ಬರದು ಒಂದೊಂದು ಲೆಕ್ಕ. ನಮ್ಮ ಕಡೆಯ ಮಳೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ತಿಂಗಳುಗಟ್ಟಲೆ ಒಣಗುವ ಮಾತೇ ಇಲ್ಲ. ತುಕ್ಕಿನದೇ ಚಿಂತೆ. ಮಾಡಿಸಿದವರು ದಯವಿಟ್ಟು ಹೇಳಿ.

ಪುತ್ತೂರು ಕೃಷಿಕ:
ರೆಡಿಮೇಡ್ ನಮ್ಮ ಮಳೆಗೆ ಆಗುವುದಿಲ್ಲ ಅಂತ ನೇರವಾಗಿಯೇ ಹೇಳುತ್ತೇನೆ. ಅದರಲ್ಲಿ ಬಹಳಷ್ಟಕ್ಕೆ ತಗಡು ತೆಳು, ಮಾಡಿನ ಇಳಿಜಾರು ಕಡಿಮೆ, ನೆಲ ನಾವೇ ಮಾಡಿಕೊಳ್ಳಬೇಕು. ನೆಲಕ್ಕೆ ಬಿಗಿಯಾಗಿ ಬೋಲ್ಟು ಹಾಕದಿದ್ದರೆ ಗಾಳಿಗೆ ಎದ್ದೇ ಹೋಗುತ್ತದೆ. ಮನೆ ಹಿಂದೆ ಹೂಕುಂಡ, ಸಲಿಕೆ ಇಡುವವರಿಗೆ ಪರವಾಗಿಲ್ಲ, ಅಡಿಕೆ ತೋಟಕ್ಕೆ ಬೇಡ.

ಆದರೆ ಶೀಟಿನ ಬಗ್ಗೆ ಯೋಚಿಸುವ ಮೊದಲು ಒಳಗೆ ಏನಿಡುತ್ತೀರಿ ಅಂತ ಯೋಚಿಸಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಅಲ್ಲೇ ಇಡುತ್ತೀರಾ? ಕೊಳೆರೋಗಕ್ಕೆ ಇವೆರಡನ್ನೂ ನೀರಿನಲ್ಲಿ ಬೆರೆಸಿ ಬೋರ್ಡೋ ದ್ರಾವಣ ಮಾಡುವಾಗ ಹೊಳೆಯುವ ಕತ್ತಿ ಅದ್ದಿ ನೋಡುತ್ತೇವಲ್ಲ, ಸುಣ್ಣ ಕಡಿಮೆಯಾಗಿದ್ದರೆ ಕತ್ತಿಯ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ಶೀಟಿಗೆ ಆಗುವುದೂ ಅದೇ. ಮೈಲುತುತ್ತದ ನೀರು ತಾಗಿದ ಕಡೆ ಸತು ಕರಗಿ ತಾಮ್ರ ಕೂರುತ್ತದೆ, ಆಮೇಲೆ ಅಡಿಯ ಕಬ್ಬಿಣ ಬೇಗ ಹೋಗುತ್ತದೆ. ಹಸಿ ಸುಣ್ಣವೂ ಸತುವನ್ನು, ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಪೊಟ್ಯಾಷ್ ಅಂತೂ ಒಂದು ಬಗೆಯ ಉಪ್ಪೇ, ಗಾಳಿಯ ತೇವ ಎಳೆದುಕೊಂಡು ಚೀಲದ ಅಡಿಯಿಂದ ಒಸರುತ್ತದೆ. ನಾನು ನೋಡಿದ ಶೆಡ್‌ಗಳಲ್ಲಿ ಮಾಡು ಗಟ್ಟಿಯಾಗಿದ್ದು ಗೋಡೆಯ ಬುಡ ಮಾತ್ರ ತೂತು ಬಿದ್ದಿದ್ದೇ ಜಾಸ್ತಿ. ಮಳೆಗಿಂತ ಮೊದಲು ಗೊಬ್ಬರವೇ ತಿಂದಿರುತ್ತದೆ.

ಹಾಗಾಗಿ ಕೆಳಗಿನ ಎರಡು ಮೂರು ಅಡಿ ಕೆಂಪು ಕಲ್ಲಿನ ಗೋಡೆ ಕಟ್ಟಿ, ಅದರ ಮೇಲಿಂದ ತಗಡು ಹಾಕಿಸಿ. ಇದಕ್ಕೆ ಖರ್ಚು ಮಾಡಿ, ಶೀಟಿನ ಬಣ್ಣಕ್ಕೆ ಬೇಡ.

ಶಿವಮೊಗ್ಗ ಫ್ಯಾಬ್ರಿಕೇಶನ್:
ಮೇಲಿನವರು ಹೇಳಿದ್ದು ಸರಿ. ನಾನು ಇದೇ ಕೆಲಸದವನು, ಶೀಟಿನ ವಿಷಯ ನಾನು ಹೇಳುತ್ತೇನೆ.

ದಪ್ಪದ ಜೊತೆ ಲೇಪ ಎಷ್ಟು ಅಂತಲೂ ಕೇಳಿ. ಸಾದಾ ಜಿಐ ಶೀಟಿನಲ್ಲಿ ಒಂದು ಚದರ ಮೀಟರಿಗೆ ಎರಡೂ ಬದಿ ಸೇರಿ 120 ಗ್ರಾಂ ಸತು ಇರುವುದೂ ಬರುತ್ತದೆ, 275 ಗ್ರಾಂ ಇರುವುದೂ ಬರುತ್ತದೆ, ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ. ಕಲರ್ ಶೀಟು ಅಂತ ಮಾರುವುದರಲ್ಲಿ ಬಣ್ಣದ ಅಡಿಗೆ ಬರೀ ಸತು ಇರಬಹುದು, ಅಥವಾ ಗ್ಯಾಲ್ವಾಲ್ಯೂಮ್ ಇರಬಹುದು. ಗ್ಯಾಲ್ವಾಲ್ಯೂಮ್ ಅಂದರೆ ನೂರಕ್ಕೆ 55 ಭಾಗ ಅಲ್ಯೂಮಿನಿಯಂ, ಉಳಿದದ್ದು ಹೆಚ್ಚುಕಮ್ಮಿ ಎಲ್ಲಾ ಸತು, ಸ್ವಲ್ಪ ಸಿಲಿಕಾನ್. ಮಾಡಿಗೆ ಅದೇ ಒಳ್ಳೆಯದು, ಎಝಡ್ 150 (ಚದರ ಮೀಟರಿಗೆ ಎರಡೂ ಬದಿ ಸೇರಿ 150 ಗ್ರಾಂ ಲೇಪ) ಅಂತ ಕೇಳಿ ತಗೊಳ್ಳಿ, ಬಿಲ್ಲಿನಲ್ಲಿ ಬರೆಸಿ. ದಪ್ಪ 0.50 ಅಂದಾಗ ಬಿಎಂಟಿಯಾ, ಟಿಸಿಟಿಯಾ ಅಂತಲೂ ಕೇಳಲೇಬೇಕು. ಬಿಎಂಟಿ ಅಂದರೆ ಬರೀ ಉಕ್ಕು, ಟಿಸಿಟಿ ಅಂದರೆ ಲೇಪ, ಬಣ್ಣ ಎಲ್ಲಾ ಸೇರಿ. ರೇಟು ಕಡಿಮೆ ಹೇಳುವ ಕಡೆ ಬಹಳ ಸಲ ಈ ವ್ಯತ್ಯಾಸದಲ್ಲೇ ಕಡಿಮೆಯಾಗಿರುತ್ತದೆ. ಮಾಡಿಗೆ 0.50 ಟಿಸಿಟಿ, ಗೋಡೆಗೆ 0.40 ಆದರೂ ನಡೆಯುತ್ತದೆ.

ಇನ್ನು ಕೆಲಸದವರ ಮೇಲೆ ಕಣ್ಣಿಡಬೇಕಾದ ಜಾಗ. ಶೀಟನ್ನು ಗ್ರೈಂಡರ್‌ನಲ್ಲಿ ಕೊಯ್ಯಲು ಬಿಡಲೇಬೇಡಿ. ಕಿಡಿ ಹಾರಿದ ಕಡೆಯೆಲ್ಲಾ ಲೇಪ ಸುಡುತ್ತದೆ, ಕಬ್ಬಿಣದ ಪುಡಿ ಅಂಟಿಕೊಂಡು ಒಂದೇ ಮಳೆಗೆ ಕಂದು ಚುಕ್ಕೆ ಏಳುತ್ತದೆ. ಕತ್ತರಿಯಲ್ಲೇ ಕೊಯ್ಯಿಸಿ. ಸ್ಕ್ರೂ ಹಾಕುವಾಗ ತೂತಿನಿಂದ ಬಿದ್ದ ಚೂರನ್ನೂ ಅವತ್ತೇ ಗುಡಿಸಬೇಕು. ಮಾಡಿನ ಸ್ಕ್ರೂ ಶೀಟಿನ ಉಬ್ಬಿನ ಮೇಲೆ ಬರಲಿ, ನೀರು ಹರಿಯುವ ತಗ್ಗಿನಲ್ಲಿ ಬೇಡ, ರಬ್ಬರ್ ವಾಷರ್ ಚಪ್ಪಟೆಯಾಗಿ ಹೊರಗೆ ಚೆಲ್ಲುವಷ್ಟು ಬಿಗಿಯುವುದೂ ಬೇಡ. ಜಿಐ ಪೈಪು ತಂದರೂ ವೆಲ್ಡಿಂಗ್ ಮಾಡಿದ ಕಡೆ ಸತು ಸುಟ್ಟು ಹೋಗಿರುತ್ತದೆ, ತುಕ್ಕು ಶುರುವಾಗುವುದು ಅಲ್ಲಿಂದಲೇ, ಆ ಜಾಗ ಉಜ್ಜಿ ಜಿಂಕ್ ಪೇಂಟ್ ಎರಡು ಕೋಟ್ ಹೊಡೆಸಿ. ಕಂಬವನ್ನು ಮಣ್ಣಿನಲ್ಲಿ ಹೂಳಬೇಡಿ. ಕಾಂಕ್ರೀಟ್ ಪೀಠ ಮಾಡಿಸಿ, ಬೇಸ್ ಪ್ಲೇಟ್ ಇಟ್ಟು ಬೋಲ್ಟು ಹಾಕಿಸಿ.

ಹೊಸನಗರದ ತೋಟಿಗ:
ತುಂಬಾ ಉಪಕಾರವಾಯಿತು ಅಣ್ಣ, ಬಿಎಂಟಿ ವಿಷಯ ಯಾರೂ ಹೇಳಿರಲಿಲ್ಲ. ಕಲ್ಲಿನ ಗೋಡೆ ಮೇಲೆ ತಗಡು ಅಂತಲೇ ಮನಸ್ಸಾಗಿದೆ. ಎರಡು ಪ್ರಶ್ನೆ. ಗೊಬ್ಬರ, ಮೈಲುತುತ್ತ ಅಲ್ಲೇ ಇಡದೆ ನಮಗೆ ಬೇರೆ ದಾರಿಯಿಲ್ಲ, ಏನು ಮಾಡಬಹುದು? ಮತ್ತೆ ಮಾಡಿಗೆ ಇಳಿಜಾರು ಎಷ್ಟು ಬೇಕು?

ಶಿರಸಿ ಗೃಹಿಣಿ:
ಗೊಬ್ಬರದ ವಿಷಯ ನಾನು ಹೇಳುತ್ತೇನೆ, ನಮ್ಮನೆ ತೋಟದ ಶೆಡ್ ನೋಡಿಕೊಳ್ಳುವುದು ನಾನೇ. ನೆಲದ ಮೇಲೆ ಯಾವ ಚೀಲವನ್ನೂ ಇಡುವುದಿಲ್ಲ. ಅಡಿಕೆ ದಬ್ಬೆಯ ಅಟ್ಟ ಮಾಡಿ, ಗೋಡೆಯಿಂದ ಒಂದು ಮೊಳ ಬಿಟ್ಟು ಅದರ ಮೇಲೆ ಜೋಡಿಸುತ್ತೇವೆ. ಬಿಚ್ಚಿದ ಚೀಲವಾದರೆ ಮುಚ್ಚಳ ಇರುವ ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿಬಿಡುತ್ತೇವೆ. ಮೈಲುತುತ್ತಕ್ಕೆ ಬೇರೆ ಡ್ರಮ್, ಸುಣ್ಣಕ್ಕೆ ಬೇರೆ. ಔಷಧಿ ಹೊಡೆದ ಪಂಪನ್ನು ತೊಳೆಯದೆ ಒಳಗೆ ತರುವ ಹಾಗಿಲ್ಲ, ಅದರಿಂದ ತೊಟ್ಟಿಕ್ಕುವ ನೀರೇ ಸಾಕು ಗೋಡೆ ಹಾಳಾಗಲು. ಕೀಟನಾಶಕ ಇದ್ದರೆ ಬೀಗ ಇರುವ ಪೆಟ್ಟಿಗೆಯಲ್ಲಿ ಇಡಿ, ಮಕ್ಕಳು ತೋಟಕ್ಕೆ ಬರುತ್ತಾರೆ ಅಲ್ವಾ. ದನದ ಹಿಂಡಿ ಮಾತ್ರ ಆ ಕೋಣೆಗೆ ತರಲೇಬೇಡಿ.

ಗಾಳಿ ಆಡುವ ವ್ಯವಸ್ಥೆ ಬಗ್ಗೆ ಯಾರೂ ಬರೆದಿಲ್ಲ. ಪೂರ್ತಿ ಮುಚ್ಚಿದ ತಗಡಿನ ಶೆಡ್‌ನಲ್ಲಿ ರಾತ್ರಿ ಮಾಡು ತಣ್ಣಗಾದಾಗ ಒಳಗಿನ ತೇವ ಅದಕ್ಕೆ ಹಿಡಿದು ಬೆಳಿಗ್ಗೆ ಹನಿ ಹನಿಯಾಗಿ ಬೀಳುತ್ತದೆ. ಜನ ಸೋರುತ್ತಿದೆ ಅಂತ ಸುಮ್ನೆ ಸ್ಕ್ರೂ ಬಿಗಿಯುತ್ತಾ ಕೂರುತ್ತಾರೆ. ಗೋಡೆಗೂ ಮಾಡಿಗೂ ನಡುವೆ ಎದುರುಬದುರು ಎರಡು ಬದಿ ಅರ್ಧ ಅಡಿ ಸಂದು ಬಿಟ್ಟು ಸಣ್ಣ ಕಣ್ಣಿನ ಜಾಲರಿ ಹೊಡೆಸಿ. ಇಲಿ, ಹಾವು ಬರುವುದಿಲ್ಲ, ಪೆಟ್ರೋಲ್ ಕ್ಯಾನಿನ ವಾಸನೆಯೂ ಒಳಗೆ ನಿಲ್ಲುವುದಿಲ್ಲ. ಮಾಡು ಗೋಡೆಯಿಂದ ಎರಡು ಅಡಿಯಾದರೂ ಹೊರಗೆ ಚಾಚಿರಲಿ, ಇಲ್ಲದಿದ್ದರೆ ಆ ಸಂದಿನಲ್ಲಿ ಇರಚಲು ಹೊಡೆಯುತ್ತದೆ.

ಪುತ್ತೂರು ಕೃಷಿಕ:
ಜಾಗ ನೋಡುವಾಗ ತೆಂಗಿನ ಮರದ ಅಡಿ ಬೇಡ, ಒಂದು ಕಾಯಿ ಬಿದ್ದರೆ ಶೀಟು ತಗ್ಗಾಗಿ ಅಲ್ಲೇ ನೀರು ನಿಲ್ಲುತ್ತದೆ. ಧರೆಗೆ (ಗುಡ್ಡ ಕಡಿದ ಕಡೆಯ ಮಣ್ಣಿನ ಗೋಡೆಗೆ) ತಾಗಿಸಿಯೂ ಕಟ್ಟಬೇಡಿ, ಹಿಂದೆ ಒಬ್ಬ ಮನುಷ್ಯ ಓಡಾಡುವಷ್ಟು ಜಾಗ, ಒಂದು ಕಾಲುವೆ ಇರಲಿ. ಬಾಗಿಲು ನಾಲ್ಕು ಅಡಿ ಅಗಲ ಇಟ್ಟು ಹೊರಗೆ ತೆರೆಯುವ ಹಾಗೆ ಮಾಡಿಸಿ. ಜಾರುವ ಬಾಗಿಲಿನ ಹಳಿಯಲ್ಲಿ ದರಗು, ಮಣ್ಣು ತುಂಬಿ ಮಳೆಗಾಲದಲ್ಲಿ ಅಲ್ಲಾಡುವುದಿಲ್ಲ.

ಶಿವಮೊಗ್ಗ ಫ್ಯಾಬ್ರಿಕೇಶನ್:
ಇಳಿಜಾರು ಕೇಳಿದ್ದರಲ್ಲ, ನಿಮ್ಮ ಕಡೆಗೆ ನಾಲ್ಕು ಅಡಿಗೆ ಒಂದು ಅಡಿ ಇಳಿಯಲಿ. 10 ಅಡಿ ಅಗಲಕ್ಕೆ ಒಂದೇ ಕಡೆ ಇಳಿಸಿದರೆ ಸಾಕು, ನಡುವೆ ಜೋಡಣೆ ಇಲ್ಲದೆ ಮೇಲಿಂದ ಕೆಳಗೆ ಒಂದೇ ಉದ್ದದ ಶೀಟು ಬರುತ್ತದೆ, ಸೋರುವ ಜಾಗವೇ ಕಡಿಮೆ. ಚಾಚು ಸೇರಿಸಿ ಉದ್ದ ಅಳೆದು ಆರ್ಡರ್ ಕೊಡಿ. ಶೀಟು ಬಂದ ಮೇಲೆ ಕಟ್ಟನ್ನು ಮಳೆಯಲ್ಲಿ ಬಿಡಬೇಡಿ, ನಡುವೆ ನೀರು ನಿಂತರೆ ಹಾಕುವ ಮೊದಲೇ ಬಿಳಿ ತುಕ್ಕು ಹಿಡಿಯುತ್ತದೆ. ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಕೊಟ್ಟಿದ್ದರೆ ಹಾಕಿದ ದಿನವೇ ಕಿತ್ತುಬಿಡಿ, ಬಿಸಿಲಿಗೆ ಕಾದರೆ ಆಮೇಲೆ ಬರುವುದಿಲ್ಲ. ಕಲ್ಲಿನ ಗೋಡೆಯ ಗಾರೆ ಪೂರ್ತಿ ಒಣಗಿದ ಮೇಲೆಯೇ ತಗಡು ಕೂರಿಸಬೇಕು, ಹಸಿ ಸಿಮೆಂಟೂ ಲೇಪಕ್ಕೆ ಆಗುವುದಿಲ್ಲ. ಅಂದರೆ ಏಪ್ರಿಲ್ ಕೊನೆಯೊಳಗೆ ಗೋಡೆ ಮುಗಿಸಿಕೊಳ್ಳಿ.