ಕೊರಗ ಕಾಲನಿಯ ಹುಡುಗಿಗೆ ಬಿಕಾಂ: ಕಾಸರಗೋಡಾ, ಮಂಗಳೂರಾ? ಅನುಭವ ಇದ್ದವರು ಹೇಳಿ

ಟೀಚರ್, ಬದಿಯಡ್ಕ:
ನಮ್ಮ ಶಾಲೆ ಹತ್ತಿರದ ಕಾಲನಿಯ ಕೊರಗ ಬುಡಕಟ್ಟಿನ ಹುಡುಗಿ ಪ್ಲಸ್ ಟು ಪಾಸಾಗಿದ್ದಾಳೆ. ಹತ್ತರವರೆಗೆ ಕನ್ನಡ ಮಾಧ್ಯಮ. ತಂದೆ ತಾಯಿ ಬುಟ್ಟಿ ಹೆಣೆಯುತ್ತಾರೆ. ಆ ಮನೆಯಿಂದ ಕಾಲೇಜಿಗೆ ಹೋಗುವವಳು ಇವಳೇ ಮೊದಲು. ಬಿಕಾಂ ಬೇಕಂತೆ. ಕಾಸರಗೋಡಿನಲ್ಲೇ ಸೇರಿಸುವುದಾ, ಮಂಗಳೂರಿಗೆ ಕಳಿಸುವುದಾ? ಹಿಂದೆ ನಾನು ಸೇರಿಸಿದ ಇಬ್ಬರು ಮೊದಲ ವರ್ಷವೇ ಬಿಟ್ಟು ಬಂದರು.

ಪೆರ್ಲದಿಂದ, ಒಬ್ಬ ತಂದೆ:
ಮಗನನ್ನು 2017ರಲ್ಲಿ ಮಂಗಳೂರಿಗೆ ಕಳಿಸಿದೆ. ನಾವು ಮರಾಟಿಗಳು. ಕೇರಳದ ಎಸ್‌ಟಿ ಸರ್ಟಿಫಿಕೇಟು ತಲಪಾಡಿ ಗಡಿ ದಾಟಿದರೆ ಸೀಟಿಗೆ ನಡೆಯುವುದಿಲ್ಲ. ಜನರಲ್‌ನಲ್ಲೇ ಸೇರಬೇಕು. ಮೊದಲ ವರ್ಷದ ಫೀಸು 38,500. ಹಾಸ್ಟೆಲಿಗೆ ತಿಂಗಳಿಗೆ 4,200. ಅದರ ಮೇಲೆ ಡಿಪಾಸಿಟ್ 5,000, ಯೂನಿಫಾರಂ 2,800. ಹೆಂಡತಿಯ ಮೂರು ಪವನು ಚಿನ್ನ ಅಡವಿಟ್ಟೆ. ಒಂದೂವರೆ ಪವನು ಇನ್ನೂ ಬಿಡಿಸಿಲ್ಲ. ಕೊನೆಯ ಸೆಮಿಸ್ಟರಿಗೆ ಕೊರೊನಾ ಬಂತು. 2020ರ ಮಾರ್ಚಿನಲ್ಲಿ ಗಡಿ ಮುಚ್ಚಿದರು, ಒಳದಾರಿಗಳಿಗೂ ಮಣ್ಣು ಸುರಿದರು. ಮಗ ಇಲ್ಲಿ, ಪುಸ್ತಕ ಅಲ್ಲಿ. ಆದರೂ ಪಾಸಾದ, ಈಗ ಕೆಲಸದಲ್ಲಿದ್ದಾನೆ. ಕಳಿಸಿದ್ದು ಸರಿ ಅಂತಲೇ ಹೇಳುತ್ತೇನೆ.

ಕುಂಬಳೆಯಿಂದ, ಬಿಕಾಂ ಮುಗಿಸಿದವಳು:
ಅಣ್ಣ, ನಿಮ್ಮಲ್ಲಿ ಪವನು ಇತ್ತು, ಅಡವಿಟ್ಟಿರಿ. ಬುಟ್ಟಿ ಹೆಣೆಯುವವರು ಏನು ಇಡಬೇಕು?
ನಾನು ಎಸ್‌ಸಿ, ಕಾಸರಗೋಡಿನಲ್ಲೇ ಓದಿದೆ. ಫೀಸು ಕೇರಳ ಸರಕಾರದ ಇ-ಗ್ರಾಂಟ್ಸ್ ವಿದ್ಯಾರ್ಥಿವೇತನದಲ್ಲಿ ಹೋಯಿತು. ಆದರೆ ಕೈಗೆ ಬರಬೇಕಾದ ಸ್ಟೈಪೆಂಡು ಬಂದದ್ದು ಒಂಬತ್ತು ತಿಂಗಳ ಮೇಲೆ. ಆಧಾರಿನಲ್ಲಿ ನನ್ನ ಹೆಸರಿಗೆ ಒಂದು ಎಚ್ ಜಾಸ್ತಿ ಇತ್ತು, ಅಷ್ಟಕ್ಕೇ. ಸರಕಾರಿ ಆನ್‌ಲೈನ್ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರಕ್ಕೆ ಆರು ಸಲ, ವಿಲೇಜ್ ಆಫೀಸಿಗೆ ನಾಲ್ಕು ಸಲ. ಪ್ರತಿ ಸಲವೂ ಅಮ್ಮನ ಒಂದು ದಿನದ ಕೂಲಿ ಹೋಯಿತು. ಪುಸ್ತಕ ಇಂಗ್ಲಿಷು, ಪಾಠ ಮಲಯಾಳ. ಮೊದಲ ಸೆಮಿಸ್ಟರಿನಲ್ಲಿ ಎರಡು ಪೇಪರ್ ಹೋಯಿತು. ಸೀನಿಯರ್ ಅಕ್ಕ ಒಬ್ಬರು ದಿನಾ ಊಟದ ಹೊತ್ತಿಗೆ ಲೈಬ್ರರಿಯಲ್ಲಿ ಕೂರಿಸಿ ತುಳುವಿನಲ್ಲಿ ಹೇಳಿಕೊಟ್ಟರು. ಅವರಿಲ್ಲದಿದ್ದರೆ ನಾನೂ ಬಿಡುತ್ತಿದ್ದೆ. ಮಲಯಾಳವನ್ನೂ ಕಲಿತೆ, ನಷ್ಟ ಏನೂ ಆಗಲಿಲ್ಲ.

ಪೆರ್ಲದಿಂದ, ಒಬ್ಬ ತಂದೆ:
ಪವನಿನ ಮಾತು ಬೇಡ ತಂಗಿ. ಅದು ಹೆಂಡತಿ ಅಡಕೆ ಸುಲಿದು ಮಾಡಿಸಿಕೊಂಡದ್ದು. ನಮ್ಮನ್ನು 2003ರಲ್ಲಿ ಎಸ್‌ಟಿ ಪಟ್ಟಿಯಿಂದ ತೆಗೆದು 2013ರಲ್ಲಿ ಮತ್ತೆ ಸೇರಿಸಿದರು. ಆ ಹತ್ತು ವರ್ಷದಲ್ಲೇ ನನ್ನ ತಂಗಿಯ ಓದು ನಿಂತಿತು. ನಮ್ಮನ್ನು ಉಳ್ಳವರ ಸಾಲಿಗೆ ಸೇರಿಸಬೇಡಿ.

ನಿವೃತ್ತ ಮಾಷ್ಟ್ರು, ಮಂಜೇಶ್ವರ:
ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಅವಕಾಶ ಇದೆ. ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳು ಆ ಪಟ್ಟಿಯಲ್ಲಿವೆ. ಕನ್ನಡ ಪರೀಕ್ಷೆ ಬರೆಯಬೇಕು. ಅದನ್ನು ಯಾಕೆ ಯಾರೂ ಹೇಳುವುದಿಲ್ಲ? ಮಲಯಾಳ ಕಲಿತರೆ ನಷ್ಟ ಇಲ್ಲ ಅಂತ ಸುಲಭವಾಗಿ ಹೇಳಬೇಡಿ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ನಮ್ಮ ಭಾಷೆಗಾಗಿ ಜಗಳ ಆಡುತ್ತಲೇ ಇದ್ದೇವೆ.

ಕುಂಬಳೆಯಿಂದ, ಬಿಕಾಂ ಮುಗಿಸಿದವಳು:
ಸರ್, ಅದು ಇಂಜಿನಿಯರಿಂಗ್‌ನಂಥ ಕೋರ್ಸಿಗೆ. ಟೀಚರ್ ಕೇಳಿದ್ದು ಬಿಕಾಂ. ನಾನು ಫೇಲಾದಾಗ ಯಾವ ಕನ್ನಡ ಸಂಘದವರೂ ಬಂದು ಪಾಠ ಹೇಳಲಿಲ್ಲ.

ನಿವೃತ್ತ ಮಾಷ್ಟ್ರು, ಮಂಜೇಶ್ವರ:
22 ವರ್ಷ ಸಂಜೆ ಹೊತ್ತು ನಮ್ಮ ಮನೆ ಜಗಲಿಯಲ್ಲಿ ಪುಕ್ಕಟೆ ಪಾಠ ಹೇಳಿದ್ದೇನೆ. ಸುಮ್ನೆ ಎಲ್ಲರನ್ನೂ ಸೇರಿಸಿ ಮಾತಾಡಬೇಡಮ್ಮ.

ಎಣ್ಮಕಜೆಯಿಂದ:
ಟೀಚರ್, ನಾನೂ ಕೊರಗ. ನಾನೂ ಒಮ್ಮೆ ಬಿಟ್ಟು ಬಂದವನೇ. ಕ್ಲಾಸಿಗೆ ಒಬ್ಬರು ಪಟ್ಟಿ ಹಿಡಿದು ಬಂದು, ಎಸ್‌ಟಿಯವರು ಎದ್ದು ನಿಲ್ಲಿ ಅಂದರು. ನಾನೊಬ್ಬನೇ ನಿಂತೆ. ಮಾರನೆ ದಿನದಿಂದ ಬೆಂಚಿನಲ್ಲಿ ನನ್ನ ಪಕ್ಕ ಜಾಗ ಬಿಟ್ಟು ಕೂತರು. ಓಣಂ ರಜೆಗೆ ಮನೆಗೆ ಬಂದವನು ಮತ್ತೆ ಹೋಗಲಿಲ್ಲ. ಯಾರೂ ಕೇಳಿಕೊಂಡು ಬರಲಿಲ್ಲ. ಹಾಜರಿ ಕಡಿಮೆ ಅಂತ ಒಂದು ಕಾಗದ ಬಂತು, ಮಲಯಾಳದಲ್ಲಿ. ಮನೆಯಲ್ಲಿ ಅದನ್ನು ಓದಲು ಯಾರಿಗೂ ಬರುತ್ತಿರಲಿಲ್ಲ. ಎರಡು ವರ್ಷ ಕಳೆದು ಅತ್ತೆಯ ಮಗಳೂ ನಾನೂ ಒಂದೇ ಕಾಲೇಜಿಗೆ ಸೇರಿದೆವು. ಆಗ ಮುಗಿಸಿದೆ. ಜೊತೆಗೆ ಇನ್ನೊಬ್ಬಳು ಇದ್ದರೆ ಕಳಿಸಿ. ಊರು ಯಾವುದಾದರೂ ಆಗಲಿ.

ಪೆರ್ಲದಿಂದ, ಒಬ್ಬ ತಂದೆ:
ಊರು ಯಾವುದಾದರೂ ಅಂದರೆ ಹೇಗೆ ತಮ್ಮಾ? ಫೀಸು ಕಟ್ಟುವವರು ಯಾರು?

ಟೀಚರ್, ಬದಿಯಡ್ಕ:
ಅವಳ ಆಧಾರ್ ತರಿಸಿ ನೋಡಿದೆ. ಎಸ್‌ಎಸ್‌ಎಲ್‌ಸಿ ಬುಕ್ಕಿನ ಹೆಸರಿಗೂ ಅದಕ್ಕೂ ತಾಳೆಯಾಗುವುದಿಲ್ಲ. ನಾಳೆ ಬೆಳಗ್ಗೆ ನಾನೇ ಅವಳ ಜೊತೆ ಅಕ್ಷಯಕ್ಕೆ ಹೋಗುತ್ತೇನೆ.