ಮುಖ ಕಾಣದಿದ್ದರೆ ಸಾಕಾ?

ಕೇಳಿದವರು: ಎಂಬಿಬಿಎಸ್ ಮುಗಿಸಿ ವಿರಾಜಪೇಟೆ ಕಡೆ ಡ್ಯೂಟಿಗೆ ಬಂದು ಮೂರು ತಿಂಗಳಾಯ್ತು. ರಾತ್ರಿ ನಾನೊಬ್ಬನೇ. ಗೊತ್ತಾಗದ ಕೇಸ್ ಬಂದರೆ ಫೋಟೊ ತೆಗೆದು ಬ್ಯಾಚ್‌ಮೇಟ್‌ಗಳ ವಾಟ್ಸಾಪ್ ಗ್ರೂಪಿಗೆ ಹಾಕ್ತೀನಿ. ಮುಖ, ಹೆಸರು ಇರಲ್ಲ. ಸಿಸ್ಟರ್ ಒಬ್ಬರು 'ಬೇಡ ಡಾಕ್ಟ್ರೇ' ಅಂದ್ರು. ಅನುಭವ ಇದ್ದವರು ಹೇಳಿ.

ಹಿರಿಯ ವೈದ್ಯರೊಬ್ಬರು: ನಾನೂ ಹಾಗೇ ಮಾಡ್ತಿದ್ದೆ. ಒಂದು ಜನವರಿ, ಕಾಫಿ ಕೊಯ್ಲಿನ ಸಮಯ. ಗಿಡದಲ್ಲಿದ್ದ ಹಾವು ಕಚ್ಚಿ ಹೆಂಗಸೊಬ್ಬರು ಬಂದ್ರು, ಅಂಗೈ ಬೋಂಡದಂತೆ ಊದಿತ್ತು. ನಮ್ಮಲ್ಲಿ ಸಿಗುವ ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಮದ್ದು) ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕಷ್ಟೇ, ಗಿಡದಲ್ಲಿರುವ ಗುಳಿಮಂಡಲಕ್ಕೆ ಅಲ್ಲ. ಕೊಡಲಾ ಬೇಡವಾ ಅಂತ ಫೋಟೊ ಹಾಕಿದೆ. ಒಳ್ಳೆ ಸಲಹೆಯೇ ಬಂತು, ಸುಳ್ಳು ಹೇಳಲ್ಲ. ಆದರೆ ಗೆಳೆಯನೊಬ್ಬ ಅದನ್ನು ಮಾವನಿಗೆ ಕಳಿಸಿದ. ಮಾವ ಪ್ಲಾಂಟರ್. ಬೆಳಿಗ್ಗೆ 'ತೋಟದಲ್ಲಿ ಹುಷಾರು' ಅಂತ ಊರಿಡೀ ಓಡಾಡ್ತಿತ್ತು. ಮುಖ ಇರಲಿಲ್ಲ ನಿಜ. ಮಣಿಕಟ್ಟಿನ ಮೇಲೆ ಹಚ್ಚೆ ಇತ್ತು, ಎರಡು ಹಸಿರು ಬಳೆ ಇತ್ತು. ಆಕೆಗೆ ಲೈನ್‌ಮನೆ (ಕೂಲಿಯವರ ಸಾಲುಮನೆ) ಕೊಟ್ಟ ತೋಟದಲ್ಲಿ ಜ್ವರ ಅಂತ ಹೇಳಿ, ಕೊಯ್ದ ಕೆಜಿಗೆ ರೂಪಾಯಿ ಜಾಸ್ತಿ ಅಂತ ಪಕ್ಕದ ತೋಟಕ್ಕೆ ಹೋಗಿದ್ರಂತೆ. ಆಕೆಯ ತೋಟದ ಲೆಕ್ಕ ಬರೆಯುವ ರೈಟರ್ ಹಚ್ಚೆ ಗುರುತು ಹಿಡಿದ. ಡಿಸ್ಚಾರ್ಜ್ ದಿನ ಆಕೆ 'ನೀವ್ಯಾಕೆ ಹೇಳಿದ್ರಿ ಸಾರ್?' ಅಂದ್ರು. ನಾನು ಹೇಳಿಲ್ಲ ಅನ್ನೋಕೆ ಬಾಯಿ ಬರಲಿಲ್ಲ.

ಸ್ಟಾಫ್ ನರ್ಸ್: 2011ರ ಗಣತಿಯಲ್ಲಿ ಇಡೀ ಕೊಡಗಿಗೆ ಐದೂವರೆ ಲಕ್ಷ ಜನ. 'ಪೊನ್ನಂಪೇಟೆ ಹತ್ತಿರ, ಆನೆ ತುಳಿದದ್ದು, ನಿನ್ನೆ' ಅಂದ್ರೆ ಮನೆತನದ ಹೆಸರು ಸಮೇತ ಹೇಳ್ತಾರೆ. ಇನ್ನು ವಾರ್ಡಿನ ಸೆಲ್ಫಿ! ಹಿಂದಿನ ಬೋರ್ಡಲ್ಲಿ ಬೆಡ್ ನಂಬರ್, ಹೆಸರು ಎಲ್ಲಾ.

ಮಡಿಕೇರಿಯಿಂದ ಒಬ್ಬರು: ವೈದ್ಯರಿಗೆ ಸೋಷಿಯಲ್ ಮೀಡಿಯಾ ನಿಯಮಗಳು 2023ರ ಆಗಸ್ಟ್‌ನಲ್ಲಿ ಬಂದು ಅದೇ ತಿಂಗಳು ತಡೆಗೆ ಹೋದವು. ಅದಕ್ಕೇ 'ಈಗ ರೂಲ್ಸೇ ಇಲ್ಲ' ಅನ್ನೋರಿದ್ದಾರೆ. ತಪ್ಪು. ವೈದ್ಯರ 2002ರ ನಡತೆ ನಿಯಮ ಹಾಗೇ ಇದೆ: ಕೋರ್ಟ್ ಆದೇಶ, ಬೇರೆಯವರಿಗೆ ಗಂಭೀರ ಅಪಾಯ, ವರದಿ ಮಾಡಬೇಕಾದ ಕಾಯಿಲೆ, ಇವು ಬಿಟ್ಟರೆ ರೋಗಿಯ ಗುಟ್ಟು ಹೊರಗೆ ಹೋಗಬಾರದು. ಹಾವು ಕಡಿತ 2024ರಿಂದ ನಮ್ಮ ರಾಜ್ಯದಲ್ಲಿ ವರದಿ ಮಾಡಲೇಬೇಕಾದ್ದು, ಆದರೆ ಅದು ಇಲಾಖೆಗೆ, ಗ್ರೂಪಿಗಲ್ಲ. ನಾನು ಮಾಡೋದು ಇಷ್ಟೇ: ಮೊದಲು ಒಬ್ಬ ಸೀನಿಯರ್‌ಗೆ ಫೋನ್. ಫೋಟೊ ಬೇಕೇ ಅಂದ್ರೆ ರೋಗಿಯನ್ನು ಕೇಳಿ, ಬಳೆ, ಹಚ್ಚೆ ಕತ್ತರಿಸಿ, ಅವರೊಬ್ಬರಿಗೆ, ಒಮ್ಮೆ ಮಾತ್ರ ನೋಡುವ ಹಾಗೆ.

ಕೇಳಿದವರು: ಈಗ ಗ್ಯಾಲರಿ ತೆರೆದು ನೋಡಿದೆ. ಮನೆಯಲ್ಲಿ ಅಮ್ಮನ ಫೋನಿಗೂ ನನ್ನದೇ ಗೂಗಲ್ ಅಕೌಂಟ್. ಮೂರು ತಿಂಗಳ ಗಾಯಗಳೆಲ್ಲ ಅಲ್ಲಿವೆ.