ಅಜ್ಜ ಹುಟ್ಟಿದ ಊರು ಕೇಳಿದರೆ ಬಣ್ಣ ಕೇಳಿದಂತೆಯೇ?

ಮಂಜರಾಬಾದಿನವ (ಸಕಲೇಶಪುರ):
ಮಗಳು ಲೆಸ್ಟರ್‌ನಲ್ಲಿ ನರ್ಸ್. ಹೊಸ ಕೆಲಸಕ್ಕೆ ಅರ್ಜಿ ತುಂಬುವಾಗ ಅದರ ಒಂದು ಪುಟದ ಚಿತ್ರ ಕಳಿಸಿ, "ಅಪ್ಪಾ, ಇದರಲ್ಲಿ ನಾವು ಯಾರು?" ಎಂದು ಕೇಳಿದಳು. ಬಿಳಿಯರು, ಮಿಶ್ರ, ಕಪ್ಪು, ಏಷ್ಯನ್. ಏಷ್ಯನ್ ಕೆಳಗೆ ಇಂಡಿಯನ್, ಪಾಕಿಸ್ತಾನಿ, ಬಾಂಗ್ಲಾದೇಶಿ, ಚೈನೀಸ್. ನನಗೆ ಐವತ್ತೆಂಟು ವರ್ಷ. ಇಷ್ಟು ದಿನದಲ್ಲಿ ಯಾರೂ ನನ್ನನ್ನು ಏಷ್ಯನ್ ಎಂದು ಕರೆದಿಲ್ಲ. ಸಂತೆಯಲ್ಲಿ ಮೊದಲು ಊರು ಕೇಳುತ್ತಾರೆ, ಆಮೇಲೆ ಯಾರ ಮಗ ಎಂದು. ಮೂರನೆಯ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಉತ್ತರ ತಿಳಿದುಕೊಂಡೇ ಹೋಗುತ್ತಾರೆ.

ನನ್ನ ಅಜ್ಜ ಬಿಳಿ ದೊರೆಯ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದವರು. ಅವರ ಕೈಬರಹದ ಒಂದು ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಇನ್ನೂ ನಮ್ಮ ಅಟ್ಟದಲ್ಲಿದೆ. "ದೊರೆ ಯಾರಿಗಾದರೂ ಹೊಡೆದರೆ ಅಮಲ್ದಾರರು ಬಂದು, ಕಾಫಿ ಕುಡಿದು ಹೋಗುತ್ತಿದ್ದರು" ಎಂದು ಅಜ್ಜ ಹೇಳುತ್ತಿದ್ದರು (ಅಮಲ್ದಾರರೆಂದರೆ ಆಗಿನ ತಾಲ್ಲೂಕಿನ ಅಧಿಕಾರಿ). ಅದು ದೊರೆಯ ದರ್ಪವೋ, ಕಾನೂನಿನಲ್ಲೇ ಹಾಗೆ ಇತ್ತೋ? ದಕ್ಷಿಣ ಆಫ್ರಿಕದಲ್ಲಿದ್ದಂತಹ ಬಣ್ಣದ ಕಾನೂನು ತಮ್ಮ ದೇಶದಲ್ಲಿ ಇರಲೇ ಇಲ್ಲ ಎನ್ನುವ ಬ್ರಿಟಿಷರಿಗೆ ಅರ್ಜಿಯಲ್ಲಿ ಗುರುತು ಹಾಕುವ ಈ ಚೌಕಗಳು ಎಲ್ಲಿಂದ ಬಂದವು? ತಿಳಿದವರು ಹೇಳಿ.

ಹಳೇ ಕರಿಕೋಟು (ಹಾಸನ):
ಸ್ವಾಮಿ, ದರ್ಪವೂ ಹೌದು, ಕಾನೂನೂ ಹೌದು. ಮೈಸೂರನ್ನು ಒಡೆಯರಿಗೆ ಮರಳಿ ಕೊಟ್ಟ 1881ರ ಹಸ್ತಾಂತರ ಪತ್ರದಲ್ಲಿ, ಯುರೋಪಿಯನ್ ಬ್ರಿಟಿಷ್ ಪ್ರಜೆಗಳ ಮೇಲಿನ ಕ್ರಿಮಿನಲ್ ಅಧಿಕಾರವನ್ನು ಗವರ್ನರ್ ಜನರಲ್ ತಮ್ಮಲ್ಲೇ ಉಳಿಸಿಕೊಂಡರು. ಅವರು ವಹಿಸಿಕೊಟ್ಟಷ್ಟು ಮಾತ್ರ ಮಹಾರಾಜರಿಗೆ. ಮಹಾರಾಜರ ಕೈಯೇ ಕಟ್ಟಿರುವಾಗ ಅಮಲ್ದಾರರು ಕಾಫಿ ಕುಡಿಯದೆ ಇನ್ನೇನು ಮಾಡಿಯಾರು? ಬ್ರಿಟಿಷ್ ಇಂಡಿಯಾದಲ್ಲಿ, ಭಾರತೀಯ ನ್ಯಾಯಾಧೀಶರೂ ಬಿಳಿಯರ ವಿಚಾರಣೆ ನಡೆಸಲಿ ಎಂದು 1883ರಲ್ಲಿ ಇಲ್ಬರ್ಟ್ ಮಸೂದೆ ಬಂದಾಗ ಚಹಾ ಮತ್ತು ನೀಲಿ ತೋಟಗಳ ದೊರೆಗಳು ರಂಪ ಎಬ್ಬಿಸಿದರು. ಮರುವರ್ಷ ರಾಜಿಯಾಯಿತು: ಬಿಳಿಯ ಆರೋಪಿ ಕೇಳಿದರೆ ಜ್ಯೂರಿಯಲ್ಲಿ ಅರ್ಧದಷ್ಟಾದರೂ ಯುರೋಪಿಯನ್ನರೋ ಅಮೆರಿಕನ್ನರೋ ಇರಬೇಕು. ಪ್ರಜೆ ಎನ್ನುವ ನಾಮಪದ ನಮಗೂ ಇತ್ತು. ಕೆಲಸಕ್ಕೆ ಬರುತ್ತಿದ್ದದ್ದು ಅದರ ಹಿಂದಿನ ವಿಶೇಷಣ.

ಇನ್ನು ಅವರದೇ ನೆಲ. 1948ರ ರಾಷ್ಟ್ರೀಯತೆ ಕಾಯಿದೆಯ ಪ್ರಕಾರ ವಸಾಹತಿನವರಿಗೂ ಬ್ರಿಟನ್ನಿನವರಿಗೂ ಪೌರತ್ವ ಒಂದೇ. ಜಮೈಕಾದವನೂ ಲಂಡನ್ನಿಗೆ ಬಂದು ನೆಲೆಸಬಹುದಿತ್ತು. ಜನ ನಿಜವಾಗಿಯೂ ಬರತೊಡಗಿದಾಗ 1962ರಲ್ಲಿ, ಕೆಲಸಕ್ಕೆ ಬರುವವರಿಗೆ ಸರ್ಕಾರದ ಪರವಾನಗಿ ಚೀಟಿ ಬೇಕೆನ್ನುವ ವೋಚರ್ ಪದ್ಧತಿ ತಂದರು. 1968ರದ್ದು ಎಲ್ಲಕ್ಕಿಂತ ನಾಚಿಕೆಗೇಡು. ಕೀನ್ಯಾದಿಂದ ಹೊರಬೀಳುತ್ತಿದ್ದ ಗುಜರಾತಿ, ಪಂಜಾಬಿಗಳ ಜೇಬಿನಲ್ಲಿ ಇದ್ದದ್ದು ಬ್ರಿಟಿಷ್ ಪಾಸ್‌ಪೋರ್ಟೇ. ಮೂರೇ ದಿನದಲ್ಲಿ ಸಂಸತ್ತು ಕಾಯಿದೆ ಮಾಡಿ ಮುಗಿಸಿತು: ತಡೆಯಿಲ್ಲದೆ ಒಳಬರಬೇಕಾದರೆ ತಾನೋ, ಅಪ್ಪ ಅಮ್ಮನೋ, ಅಜ್ಜ ಅಜ್ಜಿಯೋ ಬ್ರಿಟನ್ನಿನಲ್ಲಿ ಹುಟ್ಟಿರಬೇಕು, ಇಲ್ಲವೆ ಅಲ್ಲೇ ಪೌರರಾಗಿ ನೋಂದಾಯಿಸಿಕೊಂಡಿರಬೇಕು. ನೈರೋಬಿಯ ಬಿಳಿಯನಿಗೆ ಅಂತಹ ಅಜ್ಜ ಸಿಗುತ್ತಾನೆ, ಗುಜರಾತಿನ ರಾಜ್‌ಕೋಟ್‌ನಿಂದ ಹೋದ ಅಂಗಡಿಯವನಿಗೆ ಎಲ್ಲಿಂದ ಸಿಗಬೇಕು? ಬಣ್ಣ ಎನ್ನುವ ಪದವನ್ನೇ ಬಳಸದೆ ಬಣ್ಣವನ್ನು ಸೋಸಿ ತೆಗೆದರು. ಅದು ಜನಾಂಗೀಯ ತಾರತಮ್ಯ, ಮನುಷ್ಯರನ್ನು ಹೀನಾಯವಾಗಿ ನಡೆಸಿಕೊಂಡದ್ದು ಎಂದು ಯುರೋಪಿನ ಮಾನವ ಹಕ್ಕುಗಳ ಆಯೋಗವೇ 1973ರಲ್ಲಿ ಹೇಳಿತು. ತಮಾಷೆಯೆಂದರೆ, ಮನೆ ಬಾಡಿಗೆಯಲ್ಲಿ, ಕೆಲಸದಲ್ಲಿ ಜನಾಂಗಭೇದ ಮಾಡಬಾರದೆನ್ನುವ ಕಾಯಿದೆಯೂ ಅದೇ 1968ರದ್ದು. ಬಾಗಿಲಲ್ಲಿ ತಡೆಯಬಹುದು, ಒಳಗೆ ಬಂದವನನ್ನು ಮಾತ್ರ ಬೈಯಬಾರದು!

ಕೊಪ್ಪದ ಸೊಸೆ (ಚಿಕ್ಕಮಗಳೂರು):
ನಾನು ಬರ್ಮಿಂಗ್‌ಹ್ಯಾಮ್‌ನಲ್ಲಿ ಆರು ವರ್ಷ ಇದ್ದೆ. ಅಲ್ಲಿನ ಒಂದು ಖಾಸಗಿ ಶಾಲೆ, ಪೇಟ ಬಿಚ್ಚಿ ಕೂದಲು ಕತ್ತರಿಸದ ಹೊರತು ಸೇರಿಸಿಕೊಳ್ಳುವುದಿಲ್ಲ ಎಂದು ಸಿಖ್ ಹುಡುಗನೊಬ್ಬನಿಗೆ ಹೇಳಿತ್ತು. ಜನಾಂಗಭೇದ ತಡೆಯುವ 1976ರ ಕಾಯಿದೆಯಲ್ಲಿ ಧರ್ಮಕ್ಕೆ ರಕ್ಷಣೆ ಇರಲಿಲ್ಲ, ಜನಾಂಗಕ್ಕೆ ಮಾತ್ರ. ಹಾಗಾದರೆ ಸಿಖ್ಖರು ಜನಾಂಗವೇ? ಮೇಲ್ಮನವಿ ನ್ಯಾಯಾಲಯ ಅಲ್ಲ ಎಂದಿತು; 1983ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಹೌದು ಎಂದಿತು. ಸುದೀರ್ಘ ಸಮಾನ ಇತಿಹಾಸ, ತಮ್ಮದೇ ಸಂಪ್ರದಾಯ ಇದ್ದರೆ ಸಾಕಂತೆ. ಮುಸ್ಲಿಮರಿಗೆ ಆ ಬಾಗಿಲು ತೆರೆಯಲಿಲ್ಲ. ಯಾರು ಜನಾಂಗ, ಯಾರು ಅಲ್ಲ ಎಂದು ಕೋರ್ಟಿನಲ್ಲಿ ತೀರ್ಮಾನವಾದದ್ದು ಹೀಗೆ.

ಜನಗಣತಿಯಲ್ಲಿ ಈ ಚೌಕಗಳು ಮೊದಲು ಬಂದದ್ದು 1991ರಲ್ಲಿ. ಲೆಕ್ಕವಿಲ್ಲದೆ ತಾರತಮ್ಯವನ್ನು ತೋರಿಸುವುದು ಹೇಗೆ ಎನ್ನುವ ವಾದದಲ್ಲಿ ಹುರುಳಿದೆ. ಆದರೆ ಚೀನೀಯರು 2001ರ ಗಣತಿಯಲ್ಲಿ "ಇತರೆ"ಯವರ ಜೊತೆಗಿದ್ದು, 2011ರಲ್ಲಿ ಏಷ್ಯನ್ ಆದರು. ನನ್ನ ಪಕ್ಕದ ಮನೆಯಾಕೆ ಚೀನೀಯಳು. ಅಡುಗೆಮನೆಯಿಂದ ಕದಲದೆಯೇ ಖಂಡ ಬದಲಿಸಿದಳು.

ಕಣದ ಕಾವಲು (ಆಲೂರು):
ಜಾತಿ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಸಾಲು ನಿಲ್ಲುವ ನಾವು ಇಂಗ್ಲೆಂಡಿನ ಅರ್ಜಿ ನೋಡಿ ಆಶ್ಚರ್ಯಪಡುವುದೇ? ತೋಟದ ಲೈನ್ ಮನೆಗಳಲ್ಲಿರುವ ಕೂಲಿಯವರಿಗೆ ಬೇರೆ ಲೋಟ ಇಟ್ಟದ್ದು ಯಾವ ಗವರ್ನರ್ ಜನರಲ್?

ಹಳೇ ಕರಿಕೋಟು (ಹಾಸನ):
ಮಾತು ಖಾರವಾಗಿದೆ, ಸುಳ್ಳಲ್ಲ. ನಮ್ಮವರು ಆ ಲೋಟವನ್ನು ವಿಮಾನದಲ್ಲೂ ಕೊಂಡೊಯ್ದರು. ಬ್ರಿಟನ್ನಿನ 2010ರ ಸಮಾನತೆ ಕಾಯಿದೆಗೆ ಜಾತಿಯನ್ನೂ ಸೇರಿಸಬೇಕೆಂದು 2013ರಲ್ಲಿ ಸಂಸತ್ತು ಅಲ್ಲಿನ ಸರ್ಕಾರಕ್ಕೆ ಹೊಣೆ ಹೊರಿಸಿತ್ತು. ಮನೆಗೆಲಸದ ಭಾರತೀಯ ಮಹಿಳೆಯೊಬ್ಬರ ಪ್ರಕರಣದಲ್ಲಿ, ಜಾತಿಯೂ ಕೆಲವೊಮ್ಮೆ ಜನಾಂಗೀಯ ಮೂಲದೊಳಗೆ ಬರಬಹುದು ಎಂದು 2014ರಲ್ಲಿ ಉದ್ಯೋಗ ಮೇಲ್ಮನವಿ ನ್ಯಾಯಮಂಡಳಿ ಹೇಳಿತು. ಅಷ್ಟು ಸಾಕು, ಬೇರೆ ಕಾನೂನು ಬೇಡ ಎಂದು 2018ರಲ್ಲಿ ಸರ್ಕಾರ ಕೈತೊಳೆದುಕೊಂಡಿತು.

ಮಂಜರಾಬಾದಿನವ (ಸಕಲೇಶಪುರ):
ಎಲ್ಲರಿಗೂ ವಂದನೆ. ಮಗಳು ಇಂಡಿಯನ್ ಎಂದು ಗುರುತು ಹಾಕಿ ಕಳಿಸಿದಳಂತೆ.

ಆಲೂರಿನವರ ಮಾತು ಓದಿ ಅಟ್ಟ ಹತ್ತಿದೆ. ಅರ್ಧ ರಟ್ಟು ಗೆದ್ದಲಿನ ಪಾಲಾಗಿದೆ. ಪೂರ್ತಿ ದಿನದ ಆಳಿಗೆ ಅಡ್ಡಗೀಟು, ಅರ್ಧ ದಿನಕ್ಕೆ ಓರೆಗೀಟು. ಅಜ್ಜನ ಅಕ್ಷರ ಮುತ್ತಿನಂತಿದೆ. ಪ್ರತಿ ಆಳಿನ ಹೆಸರಿನ ಪಕ್ಕದಲ್ಲೂ ಜಾತಿ ಬರೆದಿದ್ದಾರೆ. ನಾನು ಇಷ್ಟು ವರ್ಷ ಕೂಲಿಯ ಲೆಕ್ಕವನ್ನಷ್ಟೇ ನೋಡಿದ್ದೆ. ದೊರೆಯ ಹೆಸರು ಎಲ್ಲೂ ಇಲ್ಲ. ಪುಟದ ಕೊನೆಗೆ ರೈಟರ್ ಎಂದು ಅಜ್ಜನ ರುಜು ಇದೆ, ಅದರ ಪಕ್ಕದ ಜಾಗ ಖಾಲಿ.

ವಕೀಲರೇ, ಆ 2014ರ ತೀರ್ಪಿನ ಪ್ರತಿ ನಿಮ್ಮಲ್ಲಿದ್ದರೆ ಕಳಿಸಿಕೊಡಿ, ಮಗಳೂ ಓದುತ್ತಾಳಂತೆ.